ಮಾಸಾಶನ ಇದೆ, ಕಾರ್ಡ್ ಇದೆ. ನೋಡ್ಕೊಳ್ಳೋರಿಗೆ ಹತ್ತು ದಿನ ಬಿಡುವು ಎಲ್ಲಿದೆ?

ಚಿತ್ರದುರ್ಗ: ಹಾಸಿಗೆ ಹಿಡಿದ ಅತ್ತೆ, ಎದ್ದು ನಿಲ್ಲೋಕೆ ಆಗದ ಇಪ್ಪತ್ತೈದರ ಮಗ, ಮರೆವಿನ ಕಾಯಿಲೆಯಿಂದ ರಾತ್ರಿ ಬಾಗಿಲು ತೆಗೆದು ಹೊರಟುಬಿಡುವ ಅಪ್ಪ. ಇಂಥವರು ಇರುವ ಮನೆ ಜಿಲ್ಲೆಯ ಪ್ರತಿ ಊರಲ್ಲೂ ಇದೆ, ಪ್ರತಿ ಬೀದಿಯಲ್ಲೂ ಇದೆ ಅಂದ್ರೂ ತಪ್ಪಲ್ಲ. ಅವರನ್ನ ನೋಡ್ಕೊಳ್ಳೋರು ಮನೆಯವರೇ. ಹೆಚ್ಚಿನ ಮನೆಗಳಲ್ಲಿ ಒಬ್ಬರೇ, ಅದೂ ಹೆಂಗಸರೇ. ಆ ಒಬ್ಬರಿಗೆ ಜ್ವರ ಬಂದ್ರೆ, ಆಪರೇಷನ್ ಆದ್ರೆ, ತವರಲ್ಲಿ ಸಾವಾದ್ರೆ, ಮಗಳ ಮದುವೆ ಬಂದ್ರೆ ಏನು ಮಾಡೋದು ಅನ್ನೋ ಪ್ರಶ್ನೆಗೆ ಸದ್ಯಕ್ಕೆ ತಾಲೂಕು ಮಟ್ಟದಲ್ಲಿ ಸಿಗೋ ಉತ್ತರ ‘ಯಾರನ್ನಾದ್ರೂ ಕೇಳಿ ನೋಡಿ’ ಅನ್ನೋದಷ್ಟೇ.

ಇದಕ್ಕೆ ಬೇರೆ ಕಡೆ ಒಂದು ವ್ಯವಸ್ಥೆ ಇದೆ. ಇಂಗ್ಲಿಷಿನಲ್ಲಿ ರೆಸ್ಪೈಟ್ ಕೇರ್ ಅಂತಾರೆ. ಕನ್ನಡದಲ್ಲಿ ಬಿಡುವಿನ ಆರೈಕೆ ಅನ್ನಬಹುದು. ಆರೈಕೆ ಬೇಕಾದ ವ್ಯಕ್ತಿ ಮೂರು ದಿನವೋ ಹತ್ತು ದಿನವೋ ಹತ್ತಿರದ ಒಂದು ಜಾಗದಲ್ಲಿ ಇರ್ತಾರೆ. ಊಟ, ಸ್ನಾನ, ಮಾತ್ರೆ, ರಾತ್ರಿ ಕಾವಲು ಎಲ್ಲ ಅಲ್ಲಿನ ಸಿಬ್ಬಂದಿ ನೋಡ್ಕೊಳ್ತಾರೆ. ಹೇಳಿದ ದಿನಕ್ಕೆ ಮನೆಗೆ ವಾಪಸ್. ಇದು ವೃದ್ಧಾಶ್ರಮ ಅಲ್ಲ, ಆಸ್ಪತ್ರೆಯೂ ಅಲ್ಲ.

ಮೊದಲು ಇತ್ತು, ಈಗ ಇಲ್ಲ

ಹಾಗಂತ ಇದು ನಮ್ಮವರಿಗೆ ಹೊಸದೇನಲ್ಲ. ‘ಅವ್ವ ನಾಲ್ಕು ದಿನ ತಂಗಿ ಮನೇಲಿ ಇದ್ದು ಬರ್ಲಿ’ ಅಂತ ಕಳಿಸ್ತಿದ್ದದ್ದು ಇದೇ ಕೆಲಸ. ಬಾಣಂತನಕ್ಕೆ ಹೋದ ಸೊಸೆಯ ಜಾಗಕ್ಕೆ ಓರಗಿತ್ತಿ ನಿಲ್ತಿದ್ದಳು. ಕೊಯ್ಲಿನ ಕಾಲಕ್ಕೆ ದೊಡ್ಡಮ್ಮ ಬಂದು ಮನೆ ಕಾಯ್ತಿದ್ದಳು. ಬಿಡುವು ಅಂತ ಯಾರೂ ಹೆಸರಿಟ್ಟಿರಲಿಲ್ಲ, ಆದ್ರೆ ಸಿಗ್ತಿತ್ತು.

ಈಗ ತಂಗಿ ಬೆಂಗಳೂರಿನಲ್ಲಿ ಒಂದು ರೂಮಿನ ಬಾಡಿಗೆ ಮನೇಲಿದ್ದಾಳೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಹೆದ್ದಾರಿ ಪಕ್ಕದ ಹಿರಿಯೂರಿನಿಂದ ರಾತ್ರಿ ಬಸ್ ಹತ್ತಿದ ಹುಡುಗರು ಹಬ್ಬಕ್ಕೆ ಮಾತ್ರ ವಾಪಸ್ ಬರ್ತಾರೆ. ಮನೆಗಳು ಚಿಕ್ಕದಾದವು, ಆಯಸ್ಸು ಹೆಚ್ಚಾಯ್ತು. ನೋಡ್ಕೊಳ್ಳಬೇಕಾದ ವರ್ಷಗಳು ಜಾಸ್ತಿಯಾದಷ್ಟು ನೋಡ್ಕೊಳ್ಳೋ ಕೈಗಳು ಕಮ್ಮಿಯಾದವು.

ಲೆಕ್ಕ ನೋಡಿದ್ರೆ ಇದು ನಾಲ್ಕು ಮನೆಯ ಕಥೆ ಅಲ್ಲ ಅಂತ ಗೊತ್ತಾಗುತ್ತೆ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು, ಅಂದರೆ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಅದೇ ವರ್ಷ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16.59 ಲಕ್ಷ. ರಾಜ್ಯದ ಸರಾಸರಿಯನ್ನೇ ಹಿಡಿದರೂ ಜಿಲ್ಲೆಗೆ ಸುಮಾರು 36 ಸಾವಿರ ಜನ ಆಗ್ತಾರೆ. ಇವರೆಲ್ಲರಿಗೂ ದಿನವಿಡೀ ಇನ್ನೊಬ್ಬರ ಸಹಾಯ ಬೇಕು ಅಂತಲ್ಲ. ಆದರೆ ಹತ್ತರಲ್ಲಿ ಒಬ್ಬರಿಗೆ ಬೇಕು ಅಂದುಕೊಂಡ್ರೂ ಮೂರೂವರೆ ಸಾವಿರ ಮನೆ. ಇದರ ಮೇಲೆ ವಯಸ್ಸಾದವರು. ದೇಶದಲ್ಲಿ 60 ದಾಟಿದ ನೂರು ಜನರಲ್ಲಿ ಏಳು ಜನಕ್ಕೆ ಮರೆವಿನ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತೆ.

ನೋಡ್ಕೊಳ್ಳೋರು ಯಾರು ಅನ್ನೋದಕ್ಕೂ ಅಂಕಿ ಇದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಜನ ಮನೆಯವರ ಆರೈಕೆಯಲ್ಲಿ ತೊಡಗಿದ್ದಾರೆ. ಮಕ್ಕಳನ್ನ ನೋಡ್ಕೊಳ್ಳೋದೂ ಇದರಲ್ಲಿ ಸೇರಿದೆ. ಅವರು ಅದಕ್ಕೆ ದಿನಕ್ಕೆ ಸರಾಸರಿ 140 ನಿಮಿಷ ಕೊಡ್ತಾರೆ. ಗಂಡಸರಲ್ಲಿ ಈ ಕೆಲಸ ಮಾಡೋರು 21 ಜನ, ಅದೂ 74 ನಿಮಿಷ.

ಅಂಗಡಿ ಬೀದಿಗೂ ಸಂಬಂಧ ಇದೆ

ಇದು ಮನೆಯೊಳಗಿನ ವಿಷಯ, ವ್ಯಾಪಾರಕ್ಕೂ ಇದಕ್ಕೂ ಏನು ಸಂಬಂಧ ಅನ್ನೋರು ಇರಬಹುದು. ಗಂಡ ಹೆಂಡತಿ ಇಬ್ಬರೇ ನಡೆಸೋ ಕಿರಾಣಿ ಅಂಗಡಿ, ಟೈಲರ್ ಅಂಗಡಿ, ಹೋಟೆಲ್ ತಗೊಳ್ಳಿ. ಮನೇಲಿ ಒಬ್ಬರನ್ನ ಒಂಟಿಯಾಗಿ ಬಿಡೋಕಾಗಲ್ಲ ಅಂದ್ರೆ ಇಬ್ಬರಲ್ಲಿ ಒಬ್ಬರು ಅಂಗಡಿಗೆ ಬರಲ್ಲ. ಬಂದವರೂ ಮಧ್ಯಾಹ್ನ ಷಟರ್ ಎಳೆದು ಮನೆಗೆ ಓಡ್ತಾರೆ. ಮಾಲು ತರೋಕೆ ದಾವಣಗೆರೆಗೋ ಬೆಂಗಳೂರಿಗೋ ಹೋಗೋ ದಿನ ಅಂಗಡಿ ಬಂದ್. ಸಂತೆ ದಿನ, ಹಬ್ಬದ ಸೀಸನ್, ಜಾತ್ರೆ, ಯಾವುದು ವ್ಯಾಪಾರದ ದಿನವೋ ಅದೇ ದಿನ ಕೈ ಕಟ್ಟಿ ಹಾಕಿದಂಗೆ.

ರೈತರ ಲೆಕ್ಕವೂ ಹಂಗೇ. ಹೊಳಲ್ಕೆರೆ ಕಡೆ ಅಡಿಕೆ ಕೊಯ್ಲು ಶುರುವಾದ್ರೆ ಸುಲಿಯೋದು, ಬೇಯಿಸೋದು, ಒಣಗಿಸೋದು ವಾರಗಟ್ಟಲೆ ನಡೆಯುತ್ತೆ. ಹೊಸದುರ್ಗದ ದಾಳಿಂಬೆ ತೋಟಕ್ಕೆ ಔಷಧಿ ಹೊಡೆಯೋದನ್ನ ನಾಳೆಗೆ ಅಂತ ಮುಂದೂಡೋಕಾಗಲ್ಲ. ಮನೇಲಿ ನೋಡ್ಕೊಳ್ಳಬೇಕಾದವರು ಇದ್ರೆ ಒಂದು ಆಳಿನ ಕೂಲಿ ಹೊರಗಿನವರಿಗೆ ಕೊಡಬೇಕು, ಇಲ್ಲಾಂದ್ರೆ ಬೆಳೆಯಲ್ಲಿ ಕಳ್ಕೊಳ್ಳಬೇಕು. ಈ ನಷ್ಟವನ್ನ ಯಾರೂ ಬರೆದಿಡೋದಿಲ್ಲ, ಅದಕ್ಕೇ ಅದು ಯಾರ ಕಣ್ಣಿಗೂ ಬೀಳ್ತಿಲ್ಲ.

ಕಾನೂನಿನಲ್ಲಿ ಹೆಸರಿದೆ

ಸರ್ಕಾರಕ್ಕೆ ಈ ವಿಷಯ ಗೊತ್ತೇ ಇಲ್ಲ ಅನ್ನೋ ಹಾಗಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಧ ವಿಕಲತೆ ಇರುವವರಿಗಾಗಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಯಾವ ಕೆಲಸಗಳಿಗೆ ಹಣ ಕೊಡಬಹುದು ಅನ್ನೋ ಪಟ್ಟಿಯಲ್ಲಿ ರೆಸ್ಪೈಟ್ ಕೇರ್ ಅಂತ ಹೆಸರು ಹಾಕಿಯೇ ಬರೆದಿದೆ. ಅದೇ ಟ್ರಸ್ಟ್‌ನ ‘ಸಮರ್ಥ’ ಯೋಜನೆ ಇರೋದು ವಸತಿ ಆರೈಕೆಗೆ. ‘ಸಹಯೋಗಿ’ ಯೋಜನೆ ಇರೋದು ಆರೈಕೆ ಮಾಡುವವರಿಗೆ ತರಬೇತಿ ಕೊಡೋಕೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನ ಗುರುತಿಸಿತು. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಯೋಜನೆ ಮಾಡಬೇಕು ಅಂತ ಸರ್ಕಾರಗಳಿಗೆ ಹೇಳಿತು. ಕರ್ನಾಟಕ ಸರ್ಕಾರ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನ ನೋಡ್ಕೊಳ್ಳೋರಿಗೆ ತಿಂಗಳಿಗೆ 1000 ರೂಪಾಯಿ ಘೋಷಿಸಿತು. ಇದು ಒಳ್ಳೆ ಹೆಜ್ಜೆ. ನೋಡ್ಕೊಳ್ಳೋರು ಅಂತ ಒಬ್ಬರಿದ್ದಾರೆ ಅನ್ನೋದನ್ನ ಬಜೆಟ್ ಪುಸ್ತಕ ಒಪ್ಪಿಕೊಂಡಂಗಾಯ್ತು.

ಆದರೆ ಸಾವಿರ ರೂಪಾಯಿಯಿಂದ ಬಿಡುವು ಕೊಂಡುಕೊಳ್ಳೋಕೆ ಆಗಲ್ಲ. ಬಿಡುವು ಮಾರೋ ಅಂಗಡಿನೇ ಊರಲ್ಲಿಲ್ಲ. ಮಾಸಾಶನ, ಯುಡಿಐಡಿ ಕಾರ್ಡ್, ಬಸ್ ಪಾಸ್ ಎಲ್ಲವೂ ಬೇಕು, ಆದರೆ ಅವೆಲ್ಲ ಕಾಗದ ಮತ್ತು ಹಣ. ಇಲ್ಲಿ ಬೇಕಾಗಿರೋದು ಒಂದು ಹಾಸಿಗೆ, ರಾತ್ರಿ ಎಚ್ಚರ ಇರೋ ಒಬ್ಬ ಮನುಷ್ಯ.

ಆಸ್ಪತ್ರೆಗೆ ಸೇರಿಸಿದ್ರೆ ಆಗಲ್ವಾ ಅಂದ್ರೆ, ಸರ್ಕಾರಿ ಆಸ್ಪತ್ರೆ ವಾರ್ಡಿನಲ್ಲಿ ರೋಗಿ ಜೊತೆ ಮನೆಯವರೊಬ್ಬರು ಇರಲೇಬೇಕು ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಊಟ ಮಾಡಿಸೋದು, ಮಗ್ಗುಲು ಬದಲಿಸೋದು ಅವರದ್ದೇ ಕೆಲಸ. ಅಲ್ಲಿಗೆ ಬಿಡುವು ಸಿಗಲಿಲ್ಲ, ಜಾಗ ಮಾತ್ರ ಬದಲಾಯ್ತು. ವೃದ್ಧಾಶ್ರಮಗಳು ಸಾಮಾನ್ಯವಾಗಿ ತಮ್ಮ ಕೆಲಸ ತಾವು ಮಾಡ್ಕೊಳ್ಳೋರನ್ನ, ಕಾಯಂ ಇರೋರನ್ನ ತಗೊಳ್ತವೆ. ಮಲಗಿದಲ್ಲೇ ಇರೋರನ್ನ ಹತ್ತು ದಿನಕ್ಕೆ ಅಂದ್ರೆ ಒಪ್ಪೋದು ಕಷ್ಟ.

ಪಕ್ಕದವರು ಏನು ಮಾಡಿದ್ರು

ಎಂಡೋಸಲ್ಫಾನ್ ದುರಂತ ನಡೆದ ಕಡೆ ಈ ಪ್ರಶ್ನೆ ಬಹಳ ಮುಂಚೆಯೇ ಎದ್ದಿತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಆ ವಿಷದಿಂದ ದಕ್ಷಿಣ ಕನ್ನಡದಲ್ಲೂ, ಗಡಿಯಾಚೆ ಕಾಸರಗೋಡಿನಲ್ಲೂ ಕೈಕಾಲು ಬಾರದ, ಮಾತು ಬಾರದ ಮಕ್ಕಳಿರುವ ಮನೆಗಳು ಉಳಿದವು. ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಆರೈಕೆ ಕೇಂದ್ರಗಳು ಶುರುವಾದವು. ಬೆಳಿಗ್ಗೆ ಕರ್ಕೊಂಡು ಹೋಗಿ ಸಂಜೆ ಬಿಟ್ಟರೆ ಆ ನಡುವೆ ತಾಯಿ ಬೀಡಿ ಕಟ್ಟಬಹುದು, ತೋಟದ ಕೆಲಸಕ್ಕೆ ಹೋಗಬಹುದು. ಆದರೆ ಅಲ್ಲಿನ ಪೋಷಕರು ವರ್ಷಗಳಿಂದ ಕೇಳ್ತಿರೋದು ವಸತಿ ಇರುವ ಕೇಂದ್ರ. ಮಕ್ಕಳು ಬೆಳೆದು ದೊಡ್ಡವರಾದ್ರು, ಎತ್ತೋ ಅಪ್ಪ ಅಮ್ಮನಿಗೆ ವಯಸ್ಸಾಯ್ತು. ರಾತ್ರಿ ಹೊತ್ತು ಯಾರು ಅನ್ನೋದನ್ನ ಹಗಲು ಕೇಂದ್ರ ಬಗೆಹರಿಸಲ್ಲ.

ಕೇರಳ ಇನ್ನೊಂದು ದಾರಿ ಹಿಡಿಯಿತು. ‘ಆಶ್ವಾಸಕಿರಣಂ’ ಅನ್ನೋ ಯೋಜನೆಯಲ್ಲಿ ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋ ಮನೆಯವರಿಗೆ ತಿಂಗಳಿಗೆ 600 ರೂಪಾಯಿ. ಇದಕ್ಕಿಂತ ದೊಡ್ಡದು ಅಲ್ಲಿನ ಪಾಲಿಯೇಟಿವ್ ಆರೈಕೆ ಜಾಲ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಸಣ್ಣದಾಗಿ ಶುರುವಾದದ್ದು 2008ರಲ್ಲಿ ರಾಜ್ಯದ ನೀತಿಯಾಯ್ತು. ಪಂಚಾಯ್ತಿಗಳ ಮೂಲಕ ನರ್ಸ್ ಮನೆ ಬಾಗಿಲಿಗೆ ಬರ್ತಾರೆ, ಊರಿನ ಸ್ವಯಂಸೇವಕರು ಜೊತೆಗಿರ್ತಾರೆ. ಅಲ್ಲಿಂದ ಚಿತ್ರದುರ್ಗ ಕಲಿಯಬೇಕಾದ್ದು ಇಷ್ಟೇ: ಆರೈಕೆಯನ್ನ ಪಂಚಾಯ್ತಿ ಮಟ್ಟಕ್ಕೆ ಇಳಿಸಿದಾಗ ಮಾತ್ರ ಅದು ಜನಕ್ಕೆ ಸಿಗುತ್ತೆ.

ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕರುಣಾಶ್ರಯ ಇದೆ, ಉಚಿತ. ಮರೆವಿನ ಕಾಯಿಲೆಯವರಿಗೆ ನೈಟಿಂಗೇಲ್ಸ್ ಸಂಸ್ಥೆಯ ಕೇಂದ್ರ ಇದೆ. ಹತ್ತಿರದ ದಾವಣಗೆರೆಯಲ್ಲಿ ವಿಕಲಚೇತನರ ಪುನರ್ವಸತಿಗೆ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ. ಎಲ್ಲವೂ ಒಳ್ಳೆಯವೇ. ಆದರೆ ಹೊಸದುರ್ಗದ ಹಳ್ಳಿಯಿಂದ ಮಲಗಿದವರನ್ನ ಬೆಂಗಳೂರಿಗೆ ಸಾಗಿಸೋದು ಅಂದ್ರೆ ಅದೇ ಒಂದು ಯಜ್ಞ.

ಚಿತ್ರದುರ್ಗದಲ್ಲಿ ಒಂದು ದೊಡ್ಡ ಕಟ್ಟಡ ಸಾಕಾ?

ಇಲ್ಲೇ ತೀರ್ಮಾನ ಆಗಬೇಕಾದ ವಿಷಯ ಇರೋದು. ಇಂಥ ಬೇಡಿಕೆ ಬಂದಾಗ ಸಾಮಾನ್ಯವಾಗಿ ಆಗೋದು ಜಿಲ್ಲಾ ಕೇಂದ್ರದಲ್ಲಿ ಒಂದು ದೊಡ್ಡ ಕಟ್ಟಡ, ಶಂಕುಸ್ಥಾಪನೆ, ಫಲಕ. ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ ಇದೆ, ಮೆಡಿಕಲ್ ಕಾಲೇಜು ಇದೆ, ಅಧಿಕಾರಿಗಳು ಇದ್ದಾರೆ, ಅಲ್ಲೇ ಮಾಡೋದು ಸುಲಭ ಅನ್ನಿಸುತ್ತೆ. ಆದರೆ ಬಿಡುವಿನ ಆರೈಕೆಗೆ ದೂರವೇ ಶತ್ರು.

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿ.ಮೀ. ಹೊಸದುರ್ಗದಿಂದ ಇನ್ನೂ ದೂರ, ತಾಲೂಕಿನ ಅಂಚಿನ ಹಳ್ಳಿಗಳಿಗೆ ಅದಕ್ಕಿಂತಲೂ ದೂರ. ವೀಲ್‌ಚೇರ್ ಬಸ್ಸಿಗೆ ಹತ್ತಲ್ಲ. ಓಮ್ನಿನೋ ಆಟೋನೋ ಬಾಡಿಗೆಗೆ ಮಾಡಬೇಕು, ಹೋಗಿ ಬರೋಕೆ ಎರಡು ಸಲ. ಇಷ್ಟು ಖರ್ಚು ಮಾಡಿ ಮೂರು ದಿನದ ಬಿಡುವು ಯಾರೂ ತಗೊಳ್ಳಲ್ಲ. ಇನ್ನೊಂದು, ಮರೆವಿನ ಕಾಯಿಲೆ ಇರೋರಿಗೆ, ಬೌದ್ಧಿಕ ವಿಕಲತೆ ಇರೋರಿಗೆ ಹೊಸ ಜಾಗ ಅಂದ್ರೆ ಗಾಬರಿ. ಸಂಜೆ ಒಂದ್ಸಲ ಮನೆಯವರ ಮುಖ ಕಂಡ್ರೆ, ಊರ ಕಡೆ ಮಾತು ಕಿವಿಗೆ ಬಿದ್ರೆ ಅರ್ಧ ಸಮಾಧಾನ. ಅದಕ್ಕೆ ಜಾಗ ತಾಲೂಕಿನಲ್ಲೇ ಇರಬೇಕು.

ಹಾಗಾಗಿ ಜಿಲ್ಲೆಗೆ ನಲವತ್ತು ಹಾಸಿಗೆಯ ಒಂದು ಕೇಂದ್ರಕ್ಕಿಂತ ತಾಲೂಕಿಗೆ ನಾಲ್ಕು ಹಾಸಿಗೆಯ ಒಂದು ಮನೆ ಹೆಚ್ಚು ಉಪಯೋಗ. ತಾಲೂಕು ಆಸ್ಪತ್ರೆಗೆ ಹತ್ತಿರ, ನೆಲಮಹಡಿ, ರ‍್ಯಾಂಪ್, ಬಾಗಿಲು ಅಗಲ ಇರೋ ಬಾತ್‌ರೂಮ್. ಹೊಸ ಕಟ್ಟಡವೇ ಬೇಕು ಅಂತಿಲ್ಲ, ಖಾಲಿ ಬಿದ್ದಿರೋ ಸರ್ಕಾರಿ ಕ್ವಾರ್ಟರ್ಸ್ ರಿಪೇರಿ ಮಾಡಿದ್ರೂ ನಡೆಯುತ್ತೆ.

ಲೆಕ್ಕ ಹಾಕಿ ನೋಡೋಣ

ನಾಲ್ಕು ಹಾಸಿಗೆ, ತಿಂಗಳಿಗೆ 25 ದಿನ ಭರ್ತಿ ಅಂತ ಇಟ್ಕೊಂಡ್ರೆ 100 ದಿನದ ಆರೈಕೆ. ವರ್ಷಕ್ಕೆ 1200. ಒಂದು ಮನೆಗೆ ವರ್ಷಕ್ಕೆ 10 ದಿನ ಅಂದ್ರೆ 120 ಮನೆಗೆ ಬಿಡುವು. ಮೂರು ಪಾಳಿ, ವಾರದ ರಜೆ ಎಲ್ಲ ಸೇರಿ ಕನಿಷ್ಠ ಐದು ಜನ ಸಿಬ್ಬಂದಿ ಬೇಕು. ತಲಾ 15,000 ಸಂಬಳ ಹಿಡಿದರೆ 75,000. ಊಟ, ನೀರು, ಕರೆಂಟು, ಬಟ್ಟೆ ಒಗೆಯೋದು, ಡೈಪರ್ ಅಂತ 25,000. ಕಟ್ಟಡಕ್ಕೆ ಬಾಡಿಗೆ ಇಲ್ಲ ಅಂದ್ರೆ ತಿಂಗಳಿಗೆ ಒಂದು ಲಕ್ಷ. ಅಂದರೆ ಒಬ್ಬರಿಗೆ ದಿನಕ್ಕೆ 1000, ಒಂದು ಮನೆಗೆ ವರ್ಷಕ್ಕೆ 10,000.

ಇದು ಅಂದಾಜು, ಸ್ವಲ್ಪ ಹೆಚ್ಚು ಕಮ್ಮಿ ಆಗಬಹುದು. ಆದರೂ ಹೋಲಿಕೆಗೆ ಸಾಕು. ಸರ್ಕಾರವೇ ಘೋಷಿಸಿದ ಆರೈಕೆದಾರರ ಭತ್ಯೆ ಒಬ್ಬರಿಗೆ ವರ್ಷಕ್ಕೆ 12,000. ಅದಕ್ಕಿಂತ ಕಮ್ಮಿ ಹಣದಲ್ಲಿ ಹತ್ತು ದಿನದ ನಿಜವಾದ ಬಿಡುವು ಸಿಗುತ್ತೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲೂಕಿಗೆ ಸೇರಿ ವರ್ಷಕ್ಕೆ 48 ಲಕ್ಷ, 480 ಮನೆ. ಮೊದಲು ಹೇಳಿದ ಮೂರೂವರೆ ಸಾವಿರದ ಮುಂದೆ ಇದು ಚಿಕ್ಕದೇ. ಆದರೆ ಶುರುವಾತಿಗೆ ಇದು ಆಗದ ಹೋಗದ ಮಾತಲ್ಲ. ಜೊತೆಗೆ ತಾಲೂಕಿಗೆ ಐದು ಜನಕ್ಕೆ ಊರಲ್ಲೇ ಕೆಲಸ.

ಹಣ ಎಲ್ಲಿಂದ?

ಈ ಜಿಲ್ಲೆಗೆ ಒಂದು ಮೂಲ ಇದೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಭಾಗದಲ್ಲಿ ಕಬ್ಬಿಣದ ಅದಿರು ಗಣಿಗಳಿವೆ. ಗಣಿ ಕಂಪನಿಗಳು ಕಟ್ಟುವ ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಗೆ ಬರುತ್ತೆ. ಅದನ್ನ ಹೇಗೆ ಖರ್ಚು ಮಾಡಬೇಕು ಅಂತ 2015ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಕೊಟ್ಟಿತು. ಕನಿಷ್ಠ ನೂರಕ್ಕೆ 60 ಪಾಲು ಆದ್ಯತೆಯ ವಿಷಯಗಳಿಗೆ ಹೋಗಬೇಕು ಅಂತ ಆಗ ಅದು ಹೇಳಿತ್ತು. ಆ ಆದ್ಯತೆಯ ಪಟ್ಟಿಯಲ್ಲಿ ಕುಡಿಯೋ ನೀರು, ಆರೋಗ್ಯದ ಜೊತೆಗೇ ವೃದ್ಧರ ಮತ್ತು ವಿಕಲಚೇತನರ ಕಲ್ಯಾಣ ಅಂತ ಬರೆದಿದೆ. ರಸ್ತೆ ಮತ್ತು ಕಟ್ಟಡಕ್ಕೆ ಕೇಳೋ ಹಾಗೆ ಇದಕ್ಕೂ ಕೇಳೋ ದಾರಿ ಇದೆ ಅಂತ ಅರ್ಥ. ಗಣಿ ಬಾಧಿತ ಪ್ರದೇಶಕ್ಕೇ ಖರ್ಚಾಗಬೇಕು ಅನ್ನೋ ನಿಯಮ ಇರೋದ್ರಿಂದ ಹಿರಿಯೂರಿಗೆ ಬೇರೆ ದಾರಿ ನೋಡಬೇಕಾಗಬಹುದು.

ಎರಡನೆಯದು ಗ್ರಾಮ ಪಂಚಾಯ್ತಿ ಮತ್ತು ಪಟ್ಟಣದ ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗೆ ಅಂತ ತೆಗೆದಿಡಬೇಕಾದ ಶೇ 5ರ ಹಣ. ಒಂದೊಂದು ಪಂಚಾಯ್ತಿಯದ್ದು ಸಣ್ಣ ಮೊತ್ತ. ಒಂದೊಂದು ಸಲಕರಣೆ ಹಂಚಿದ್ರೆ ಫೋಟೋ ಬರುತ್ತೆ, ಹಣ ಮುಗಿಯುತ್ತೆ. ತಾಲೂಕಿನ ಪಂಚಾಯ್ತಿಗಳು ಸ್ವಲ್ಪ ಸ್ವಲ್ಪ ಒಟ್ಟು ಸೇರಿಸೋಕೆ ಜಿಲ್ಲಾ ಪಂಚಾಯ್ತಿ ಒಪ್ಪಿಗೆ ಕೊಟ್ರೆ ಸಿಬ್ಬಂದಿ ಸಂಬಳದ ಒಂದು ಭಾಗ ಹೊರಡುತ್ತೆ. ಮೂರನೆಯದು ನ್ಯಾಷನಲ್ ಟ್ರಸ್ಟ್. ಅದಕ್ಕೆ ನೋಂದಣಿ ಆದ ಸಂಸ್ಥೆ ಅರ್ಜಿ ಹಾಕಬೇಕು. ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತೆ, ಅದರಲ್ಲಿ ಜಿಲ್ಲಾಧಿಕಾರಿಯೇ ಇರ್ತಾರೆ.

ಮಠಗಳ ಪ್ರಸಾದ ನಿಲಯಗಳು, ದಾಸೋಹದ ಅಡುಗೆಮನೆಗಳು ಈ ಜಿಲ್ಲೆಯ ಬಲ. ಮಲ್ಲಾಡಿಹಳ್ಳಿಯ ಅನಾಥ ಸೇವಾಶ್ರಮ ಒಂದು ಹಳ್ಳಿಯಲ್ಲಿ ಕೂತೇ ಶಾಲೆ, ಯೋಗ, ಆಯುರ್ವೇದ ಆಸ್ಪತ್ರೆ ಕಟ್ಟಿ ತೋರಿಸಿದೆ. ದಾನಕ್ಕೆ ಇಲ್ಲಿ ಕೊರತೆ ಇಲ್ಲ. ವರ್ತಕರ ಸಂಘ ಒಂದು ತಿಂಗಳ ದಿನಸಿ ಹೊತ್ತುಕೊಂಡ್ರೆ ಸಂಬಳದ ಹಣ ಉಳಿಯುತ್ತೆ.

ಭಯವೂ ಇರಬೇಕು

ಆದರೆ ದಾನ, ಹೆಸರು, ಒಳ್ಳೆ ಮನಸ್ಸು ಇಷ್ಟರ ಮೇಲೇ ಇದನ್ನ ಬಿಡೋಕಾಗಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿ ಕಟ್ಟಿದ್ದ ಮಾನಸಿಕ ಅಸ್ವಸ್ಥರು ಓಡೋಕಾಗದೆ ಸತ್ತರು, ಒಟ್ಟು 28 ಜನ. ಅವರನ್ನ ಅಲ್ಲಿ ಬಿಟ್ಟು ಹೋದವರು ಮನೆಯವರೇ. ಬೇರೆ ಜಾಗ ಇರಲಿಲ್ಲ, ಅದಕ್ಕೆ.

ಅದಕ್ಕೇ ವಿಕಲಚೇತನರ ಸಂಸ್ಥೆ ನಡೆಸೋಕೆ 2016ರ ಕಾಯ್ದೆಯಡಿ ನೋಂದಣಿ ಬೇಕು. ಮಾನಸಿಕ ಕಾಯಿಲೆ ಇರುವವರನ್ನ ಇಟ್ಟುಕೊಂಡು ಆರೈಕೆ ಮಾಡೋಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಬೇರೆ ನೋಂದಣಿ ಬೇಕು. ಮಾತು ಬಾರದವರು ತಮಗೆ ಏನಾಯ್ತು ಅಂತ ಹೇಳಲಾರರು. ಆದ್ದರಿಂದ ಹೆಂಗಸರಿಗೆ ಹೆಂಗಸರೇ ಸಿಬ್ಬಂದಿ, ಹೇಳದೆ ಬಂದು ನೋಡೋ ತಪಾಸಣೆ, ಮನೆಯವರು ಯಾವ ಹೊತ್ತಲ್ಲಾದ್ರೂ ಒಳಗೆ ಬರೋ ಹಕ್ಕು, ಬಂದ ದಿನ ಮತ್ತು ಹೋಗೋ ದಿನ ಮೈ ಮೇಲೆ ಗಾಯ ಇದೆಯಾ ಅಂತ ಬರೆದಿಡೋ ಪುಸ್ತಕ. ಇವಿಲ್ಲದೆ ಬಾಗಿಲು ತೆರೆಯಬಾರದು.

ಇನ್ನೊಂದು ಭಯ ಮನೆಯವರದ್ದು: ‘ಅತ್ತೇನ ಆಶ್ರಮಕ್ಕೆ ಹಾಕಿದ್ರು’ ಅನ್ನೋ ಮಾತು. ಈ ಮಾತಿಗೆ ಹೆದರಿ ಬೆನ್ನು ನೋವು ನುಂಗಿಕೊಂಡು, ತಮ್ಮ ಬಿಪಿ ಮಾತ್ರೆಯನ್ನೂ ಮರೆತು ನೋಡ್ಕೊಳ್ಳೋರು ಎಷ್ಟೋ ಜನ. ಹಾಕೋದಕ್ಕೂ ಬಿಟ್ಟು ಬರೋದಕ್ಕೂ ವ್ಯತ್ಯಾಸ ಇದೆ. ಸೇರೋ ದಿನವೇ ವಾಪಸ್ ಹೋಗೋ ತಾರೀಖು ಚೀಟಿಯಲ್ಲಿ ಬರೆದಿರಬೇಕು. ತಿಂಗಳ ಮುಂಚೆ ಬುಕ್ ಮಾಡೋ ಹಾಗಿರಬೇಕು, ಜೊತೆಗೆ ಒಂದು ಹಾಸಿಗೆ ತುರ್ತಿಗೆ ಅಂತ ಖಾಲಿ ಇರಬೇಕು. ನೋಡ್ಕೊಳ್ಳೋರು ಕುಸಿದು ಬಿದ್ದ ಮೇಲೆ ಸಿಗೋದು ಬಿಡುವಲ್ಲ, ಅದು ಆಂಬುಲೆನ್ಸ್.

ಈಗ ಕೇಳಬೇಕಾದ್ದು

ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ವಿಕಲಚೇತನರ ಪಟ್ಟಿ ಅವರ ಹತ್ತಿರ ಇರುತ್ತೆ. ಆ ಪಟ್ಟಿಗೆ ಮೂರು ಕಾಲಂ ಸೇರಿಸಿದ್ರೆ ಸಾಕು: ನೋಡ್ಕೊಳ್ಳೋರು ಯಾರು, ಅವರ ವಯಸ್ಸೆಷ್ಟು, ಅವರಿಗೆ ಆಗದಿದ್ದಾಗ ಬದಲಿ ಯಾರು. ಮೂರನೇ ಕಾಲಂ ಖಾಲಿ ಇರೋ ಮನೆಗಳು ಎಷ್ಟು ಅಂತ ಗೊತ್ತಾದ್ರೆ ಎಷ್ಟು ಹಾಸಿಗೆ ಬೇಕು ಅನ್ನೋದೂ ಗೊತ್ತಾಗುತ್ತೆ. ವೃದ್ಧರ ಮನೆಗಳ ಲೆಕ್ಕವನ್ನ ಆಶಾ ಕಾರ್ಯಕರ್ತೆಯರು ಕೊಡಬಲ್ಲರು, ಆದರೆ ಅದಕ್ಕೆ ಅವರಿಗೆ ಪ್ರತ್ಯೇಕ ಹಣ ಕೊಡಬೇಕು.

ಮುಂದಿನ ಗ್ರಾಮಸಭೆಯಲ್ಲಿ ಈ ಮೂರು ಕಾಲಂ ಬಗ್ಗೆ ಕೇಳಬಹುದು, ನಡಾವಳಿಯಲ್ಲಿ ಬರೆಸಬಹುದು. ತಾಲೂಕಿನಲ್ಲಿ ಜನಸ್ಪಂದನ ನಡೆದಾಗ ಖನಿಜ ನಿಧಿಯಲ್ಲಿ ವೃದ್ಧರ, ವಿಕಲಚೇತನರ ಬಾಬ್ತಿಗೆ ಎಷ್ಟು ಹೋಗಿದೆ ಅಂತ ಲಿಖಿತವಾಗಿ ಕೇಳಬಹುದು. ಅಲ್ಲಿವರೆಗೆ ಕೈಗೆ ಸಿಗೋದು ಎರಡು ಫೋನ್ ನಂಬರ್: ಹಿರಿಯ ನಾಗರಿಕರ ಸಹಾಯವಾಣಿ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡನೆಯದಕ್ಕೆ ನೋಡ್ಕೊಳ್ಳೋರೂ ಫೋನ್ ಮಾಡಬಹುದು, ರೋಗಿಯೇ ಮಾಡಬೇಕು ಅಂತಿಲ್ಲ.

ಫೋನಿನಲ್ಲಿ ಸಮಾಧಾನ ಸಿಗುತ್ತೆ, ರಾತ್ರಿ ನಿದ್ದೆ ಸಿಗಲ್ಲ. ಅದಕ್ಕೆ ತಾಲೂಕಿಗೆ ನಾಲ್ಕು ಹಾಸಿಗೆಯೇ ಬೇಕು. ಸರ್ಕಾರಿ ಲೆಕ್ಕದಲ್ಲಿ ಇದು ಬಹಳ ಸಣ್ಣ ಬೇಡಿಕೆ. ಸಣ್ಣದಾಗಿರೋದಕ್ಕೇ ಯಾರೂ ಗಟ್ಟಿಯಾಗಿ ಕೇಳಿಲ್ಲವೋ ಏನೋ.